ರಸೀದಿ ಇಲ್ಲದ ಬಾಬ್ತು

ತೊಆಮಸಿನಾ ಬಂದರಿನ ಹಿಂದೆ ನಮ್ಮ ಕಚೇರಿ.
ಗೋದಾಮಿನ ಲವಂಗದ ಘಾಟು
ಕಡತಗಳಿಗೂ ಹತ್ತಿಕೊಂಡಿದೆ.
ಸಂಶೋಧನಾ ವಿದ್ಯಾರ್ಥಿಗಳ ಬಿಲ್ಲು ನೋಡುವುದು ನನ್ನ ಕೆಲಸ.
ಹದಿನೇಳು ವರ್ಷದಿಂದ ನೋಡುತ್ತಿದ್ದೇನೆ,
ಬಿಲ್ಲುಗಳನ್ನು; ಕಾಡನ್ನಲ್ಲ.

ಇದು ವೊಲಾತಿಯಾನಾಳ ಮೂರನೆಯ ಕಂತು.
ಹಗ್ಗ, ನೂರಿಪ್ಪತ್ತು ಮೀಟರು. ಸರಿ.
ತಲೆಗೆ ಕಟ್ಟುವ ದೀಪಕ್ಕೆ ಬ್ಯಾಟರಿ. ಸರಿ.
ಮೋಟಾರ್ ಸೈಕಲ್ ಬಾಡಿಗೆ,
ಸೇತುವೆ ಕೊಚ್ಚಿಹೋದ ಮೇಲೆ ದೋಣಿ. ಇರಲಿ.
ದಾರಿ ತೋರುವ ಫೆನೊಗೆ ನಾಲ್ಕು ವಾರದ ಕೂಲಿ:
ಮೊದಲ ಚೀಟಿಯಲ್ಲಿ ಹೆಬ್ಬೆಟ್ಟು,
ನಾಲ್ಕನೆಯದರಲ್ಲಿ ನಡುಗುವ ಮೂರಕ್ಷರ.
ಜರಡಿ ಎರಡು, ಲೆಮೂರಿನ ಹಿಕ್ಕೆ ಸೋಸಲು.
ಇಲ್ಲಿ ಪೆನ್ನು ನಿಂತಿತು.

ಫೋನಿನಲ್ಲಿ ಗಾಳಿ, ಜೀರುಂಡೆ, ನಡುನಡುವೆ ಅವಳು:
"ಹಣ್ಣು ತಿಂದ ಲೆಮೂರು ಬೋಳುಗುಡ್ಡಕ್ಕೆ ಬರುವುದಿಲ್ಲ, ಅಕ್ಕ.
ಬರೀ ಜರೀಗಿಡ, ಕೂರಲು ಒಂದು ಕೊಂಬೆಯಿಲ್ಲ.
ಅದರ ಹೊಟ್ಟೆ ದಾಟಿದ ಬೀಜ ಬೇಗ ಮೊಳೆಯುತ್ತದೆಯೋ ಏನೋ.
ಅದಕ್ಕೇ ಹೆಕ್ಕಿ, ತೊಳೆದು,
ನಾನೇ ಹೊತ್ತು ದಾಟಿಸುತ್ತೇನೆ."
ನಕ್ಕುಬಿಟ್ಟೆ. ಆಮೇಲೆ ಬರೆದೆ: ಬೀಜ ಸಾಗಣೆ.

ಮುಂದಿನದು, ರಮ್ಮು ಒಂದು ಬಾಟಲಿ, ಜೇನು,
ಊರಿನ ಹಿರಿಯನ ಕೈಯಿಂದ ಪಿತೃಗಳಿಗೆ,
ಗುಡ್ಡದ ಮೇಲೆ ಕಾಲಿಡುವ ಅಪ್ಪಣೆಗೆ.
ರಸೀದಿ ಇಲ್ಲ.
ಪಿತೃಗಳು ಸಹಿ ಹಾಕುವುದಿಲ್ಲ ಎಂದು
ಅಂಚಿನಲ್ಲಿ ಪೆನ್ಸಿಲಿನ ಬರಹ. ತಲೆಹರಟೆ ಹುಡುಗಿ.

ಕೊನೆಗೆ ವರದಿ, ಒಂದೇ ಹಾಳೆ.
ನೆಟ್ಟದ್ದು ನಾನೂರು.
ಚಂಡಮಾರುತ ಕಳೆದು ಉಳಿದದ್ದು ನೂರ ಮೂವತ್ತೊಂದು.
ಕಾರಣ ಎಂಬ ಅಂಕಣದಲ್ಲಿ:
"ಗಾಳಿಯೊಂದೇ ಅಲ್ಲ. ಬೇರೇನೆಂದು ಗೊತ್ತಿಲ್ಲ.
ಇನ್ನೊಂದು ವರ್ಷ ಬೇಕು."
ಹಣ ಕೊಡುವವರಿಗೆ ಈ ಮಾತು ರುಚಿಸುವುದಿಲ್ಲ.
ತಿದ್ದಿ ಬರೆ ಎನ್ನೋಣವೆಂದು ಫೋನು ಎತ್ತಿದೆ.

ಆಗ ಕಂಡಿತು ಗುಡ್ಡದ ಹೆಸರು.

ಅಮ್ಮ ಸೌದೆ ಸುಟ್ಟದ್ದು ಅಲ್ಲೇ.
ಮಣ್ಣು ಮೆತ್ತಿದ ಗೂಡಿನಿಂದ ಮೂರು ದಿನ ಹೊಗೆ,
ನಾಲ್ಕನೆಯ ದಿನ ಇದ್ದಿಲು, ತಲೆಯ ಮೇಲೆ ಚೀಲ, ಪೇಟೆ.
ಹಾಗೆ ಬಂದದ್ದು ನನ್ನ ಶಾಲೆಯ ಶುಲ್ಕ, ಬಿಳಿ ಅಂಗಿ,
ಕೂಡುವ ಕಳೆಯುವ ಈ ವಿದ್ಯೆ.
ಒಂದು ತರಗತಿಗೆ ಎಷ್ಟು ಮರ?
ಯಾರೂ ಬರೆದಿಟ್ಟಿಲ್ಲ.
ನನಗೂ ಇತ್ತು ವಿದ್ಯಾರ್ಥಿವೇತನ;
ಕೊಟ್ಟ ಕಾಡು ಲೆಕ್ಕ ಕೇಳಲಿಲ್ಲ.

ಫೋನು ಕೆಳಗಿಟ್ಟೆ.
ಅವಳ "ಗೊತ್ತಿಲ್ಲ"ವನ್ನು ಅಳಿಸದೆ ಬಿಟ್ಟೆ.
ರಮ್ಮಿನ ಎದುರು ತುಸು ತಡೆದು
ಪ್ರವೇಶ ಶುಲ್ಕ ಎಂದು ಬರೆದು ಠಸ್ಸೆ ಒತ್ತಿದೆ.
ಇನ್ನೊಂದು ವರ್ಷದ ಅರ್ಜಿಯನ್ನು ಮೇಲಿಟ್ಟು
ದಾರ ಬಿಗಿದೆ.

ಮನೆಯಲ್ಲಿ ಇದ್ದಿಲು ಮುಗಿಯುತ್ತ ಬಂದಿದೆ.
ಹೋಗುವಾಗ ಒಂದು ಚೀಲ ಕೊಳ್ಳಬೇಕು.
ಯಾವ ಗುಡ್ಡದ್ದೆಂದು ಕೇಳಬೇಕು,
ಈ ಸಲವಾದರೂ.