ಕಲಂ ಏಳು

ಕಾರ್ಗಲ್ ದಾರಿಯ ಸಣ್ಣ ಇಗರ್ಜಿಗೆ ನಾವು ಮೂವರು:
ಕ್ಯಾಮೆರಾದ ಮುಬೀನಾ, ಟೇಪು ಹಿಡಿಯಲು ಡೆಂಜಿಲ್,
ಬರೆಯುವವಳು ನಾನು,
ಚಿತ್ರಕಲೆ ಟೀಚರು, ನಿವೃತ್ತಿಗೆ ಎರಡು ವರ್ಷ,
ಅಕ್ಷರ ದುಂಡಗಿದೆ ಎಂಬುದೊಂದೇ ಅರ್ಹತೆ.

ಕರೆಂಟಿಲ್ಲ.
ಬಾಗಿಲ ಬೆಳಕು ಪೀಠದ ಮೆಟ್ಟಿಲವರೆಗೆ ಬಂದು ಸುಸ್ತಾಗಿದೆ.
ಏಣಿ ಹತ್ತಿ ಡೆಂಜಿಲ್ ಕೂಗುತ್ತಾನೆ:
ಎತ್ತರ ಮೂರಡಿ ಎರಡಂಗುಲ,
ತೋಳಿನ ಹರವು ಎರಡಡಿ ಒಂಬತ್ತು,
ಎಡಗೈ ಕಿರುಬೆರಳು ಗೆದ್ದಲ ಪಾಲು.
ಮರ? ಮೂಸಿ ನೋಡಿದ. ಗಂಧವಲ್ಲ.
‘ಶಿವನೆ’ ಎಂದಳು ಕೆಳಗಿನಿಂದ ನತಾಲ್ ಬಾಯಿ,
ಹೂದಾನಿಯ ಹಳೇ ನೀರು ಚೆಲ್ಲುತ್ತ.
ಶಿವನೆ ಮರದ ಏಸು.
ಬರೆದೆ; ಕಾಗದ ತಕರಾರು ಮಾಡಲಿಲ್ಲ.

‘ಮೇಡಂ, ಇಲ್ಲಿ ನೋಡಿ’ ಮುಬೀನಾ ಕರೆದಳು.
ಮುಳ್ಳಿನ ಕಿರೀಟಕ್ಕೆ ಬಳ್ಳಿಯ ಸುಳಿ,
ಸೊಂಟದ ಬಟ್ಟೆಗೆ ಕಚ್ಚೆಯ ನೆರಿಗೆ,
ಅಂಚಿನುದ್ದಕ್ಕೂ ಕಡಲೆಯಷ್ಟೇ ಹಂಸಗಳು,
ಸಾಗರದ ಗಂಧದ ಪೆಟ್ಟಿಗೆಯ ಮುಚ್ಚಳದಿಂದ
ಈಜಿಕೊಂಡೇ ಬಂದಂತೆ.

ಕಲಂ ಏಳು: ಕಲಾವಿದ.
ಹಿಂದಿನ ಹನ್ನೊಂದು ಇಗರ್ಜಿಗಳಲ್ಲೂ ‘ತಿಳಿದಿಲ್ಲ’.
ಕೈ ತಾನಾಗಿ ‘ತಿ’ ಬರೆದಾಗಿತ್ತು.
‘ತಿಳಿಯದೆ ಏನು? ಸುಬ್ರಾಯ ಗುಡಿಗಾರ.
ಡ್ಯಾಮು ಕಟ್ಟುವಾಗ. ಮೂರು ತಿಂಗಳು
ನಮ್ಮ ಜಗಲಿಯಲ್ಲೇ ಕೂತು ಕೆತ್ತಿದ.
ಊಟ ಮುಟ್ಟಲಿಲ್ಲ; ಬೆಲ್ಲ, ನೀರು, ಅಷ್ಟೆ.
ಮುಗಿದ ದಿನ ಅಪ್ಪ ಮೊಳೆ ಚಾಚಿದರೆ
ಕೈ ಹಿಂದಕ್ಕೆಳೆದುಕೊಂಡ.
ಈ ಅಂಗೈಗೆ ರೇಖೆ ಬರೆದವನು ನಾನು,
ಹೊಡೆಯೋದು ನನ್ನಿಂದಾಗದು ಮೇಸ್ತ್ರಿ,
ನೀವೇ ಹೊಡೆದುಕೊಳ್ಳಿ ಅಂದ.
ಉಳಿ ಕಟ್ಟಿಕೊಂಡು ಹೋದ.’

ಆಮೇಲೆ?

‘ಅಪ್ಪ ಹೊಡೆದ. ರಾತ್ರಿ.
ನಾನು ಚಿಮಣಿ ಹಿಡಿದಿದ್ದೆ.
ಒಂದೊಂದೇ ಏಟು, ಮೆಲ್ಲಗೆ,
ಒಳಗೆ ಮಗು ಎದ್ದೀತು ಅನ್ನೋ ಹಾಗೆ.’

ಡೆಂಜಿಲನ ಕೈಯ ಟೇಪು
ಸರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು.
ಮುಬೀನಾ ಮೊಬೈಲ್ ಬೆಳಕು ಬಿಟ್ಟಳು.
ಇತ್ತು, ಕೂದಲೆಳೆಯಷ್ಟು ತೆಳ್ಳಗೆ:
ಆಯುಷ್ಯದ ರೇಖೆ ಮೊಳೆಯವರೆಗೆ ಬಂದು
ಮೊಳೆಯಾಚೆಗೂ ಹೋಗಿತ್ತು.

ಕಲಂ ಏಳಕ್ಕೆ ಒಂದೇ ಸಾಲಿನ ಜಾಗ.
‘ತಿ’ಗೆ ಗೀಟು ಹಾಕಿ ಸುಬ್ರಾಯನನ್ನು ಬರೆದೆ.
‘ನಿಮ್ಮಪ್ಪನ ಹೆಸರು?’
‘ಇನಾಸ. ಅದೆಲ್ಲ ಯಾಕೆ, ಬಿಡಿ’ ಎಂದು
ಹೂದಾನಿಗೆ ಹೊಸ ನೀರು ಹೊಯ್ದಳು.
ಹೂ ಜೋಡಿಸಿದಳು. ಒಂದನ್ನು ತೆಗೆದು ಮತ್ತೆ ಇಟ್ಟಳು.
ಆಮೇಲೆ, ತಿರುಗದೆ:
‘ಸಣ್ಣದಾಗಿ ಬರೆಯಿರಿ.’