ಇದ್ದೀತು

ಭೂಪಟದ ಮೇಲೆ ಗೆರೆ ಎಳೆದು
ಜಿಲ್ಲೆಯನ್ನು ಚೌಕ ಚೌಕ ಮಾಡಿ ಹಂಚಿದ ದಿನ
ರಂಗನತಿಟ್ಟಿಗೆ ಹನ್ನೊಂದು ಕೈ ಎದ್ದವು,
ಕೊಕ್ಕರೆ ಬೆಳ್ಳೂರಿಗೆ ಏಳು.
ನೂರ ಹದಿನೇಳಕ್ಕೆ ಯಾರೂ ಇಲ್ಲ.
ಫ್ಯಾನು ಮಾತ್ರ ತಿರುಗುತ್ತಿತ್ತು.
ನನ್ನ ಗ್ರಹಚಾರ, ಆಗಲೇ ಕೆಮ್ಮು ಬಂತು.
ಬೋರಲಿಂಗ ಅಂತ ಬರೆದುಕೊಂಡರು.

ಸಂತೇಬಾಚಹಳ್ಳಿ ಹೋಬಳಿ. ನಾಲೆ ಬಾರದ ಕಡೆ.
ಮಂಡ್ಯ ಅಂದರೆ ಕಬ್ಬು ಅನ್ನುವವರು
ಇಲ್ಲಿಗೆ ಬಂದಿಲ್ಲ.
ಎಳ್ಳಿನ ಹೊಲ, ಲಂಟಾನ, ಕಲ್ಲು ಕಿತ್ತು ಬಿಟ್ಟ ಗುಂಡಿ,
ಬಸ್ಸು ಬಂದು ಮುಖ ತಿರುಗಿಸಿಕೊಳ್ಳುವ ಜಾಗ.
ಇಷ್ಟು ವರ್ಷದ ಪಟ್ಟಿಯಲ್ಲಿ ಈ ಚೌಕದ ಹೆಸರಿಗೆ
ಒಂದು ಕಾಗೆಯೂ ಇಲ್ಲ.
ಕಾಗೆ ಇಲ್ಲದ ಊರುಂಟೆ?
ನೋಡಿ ಬರೆದವರಿಲ್ಲ, ಅಷ್ಟೆ.

ನಾನು ಕರೆಂಟು ಮೀಟರ್ ಓದುವವನು.
ಗೋಡೆಯ ಮುಂದೆ ನಿಂತು
ಕಂಡ ಅಂಕಿ ಕಂಡಂತೆ ಬರೆದು ಅಭ್ಯಾಸ.
ಈ ಹಾಳೆ ಬೇರೆ. ಇದಕ್ಕೆ ಮೂರು ಕಲಂ:
ಗಂಡು ಕೂತು ಕೂಗುತ್ತಿದ್ದರೆ, ಗೂಡು ಇರಬಹುದು.
ಜೋಡಿ ಸೇರಿ ಸುಳಿದಾಡುತ್ತಿದ್ದರೆ, ಇದ್ದೀತು.
ಬಾಯಲ್ಲಿ ಹುಳು ಹಿಡಿದು ಪೊದೆಯೊಳಗೆ ಹೋಗಿ
ಬರಿಬಾಯಲ್ಲಿ ಹೊರಬಂದರೆ, ಇದೆ.

ಒಂದರಿಂದ ಇನ್ನೊಂದಕ್ಕೆ ಹೋಗಲು
ಎಷ್ಟು ಬೆಳಗು ಕೂರಬೇಕೆಂದು
ಹಾಳೆ ಹೇಳುವುದಿಲ್ಲ.

ಭರಣಿ ಮಳೆ ಹಿಡಿಯದ ವಾರ, ಮೊದಲ ಸಲ.
ಎರವಲು ದುರ್ಬೀನು, ಎಡಗಣ್ಣಿಗೆ ಬೂಷ್ಟು.
ಪಿಕಳಾರ ಇರಬಹುದು. ನೆಲಗುಬ್ಬಿ ಇರಬಹುದು.
ಕಂಬದ ಮೇಲಿನ ಕಾಜಾಣ
ಹದ್ದನ್ನು ನಾಯಿ ಅಟ್ಟಿದ ಹಾಗೆ ಅಟ್ಟಿತು,
ಅದಕ್ಕೆ ಇದ್ದೀತು ಕೊಟ್ಟೆ.
ಕಲ್ಲುಗುಂಡಿಯ ನೀರಲ್ಲಿ ಗುಳುಮುಳುಕ
ನನ್ನ ಕಂಡು ಮುಳುಗಿದ್ದು
ಎಲ್ಲಿ ಎದ್ದಿತೋ, ಬುತ್ತಿ ಮುಗಿದರೂ ಕಾಣಲಿಲ್ಲ.

ರೋಹಿಣಿಯಲ್ಲಿ ಹೊಂಬಾಳಮ್ಮ ಸಿಕ್ಕಿದಳು,
ಇಪ್ಪತ್ತಾರು ಮೇಕೆಯ ಒಡತಿ.
ಏನೆಣಸ್ತಿದ್ದೀಯಪ್ಪ, ಮನೆ ಗಣತಿಯಾ?
ಹಕ್ಕಿ, ಅಂದೆ.
ಹಕ್ಕಿಗೂ ರೇಷನ್ನು ಕೊಟ್ಟಾರಾ, ಅಂತ ನಕ್ಕಳು.
ನಾಲ್ಕು ಹೆಜ್ಜೆ ಮುಂದಿಟ್ಟಿದ್ದೆ,
ಕೋಲು ಅಡ್ಡ ಬಂತು.
ಅಲ್ಲಿ ಕಾಲ್ ಮಡಗ್ಬ್ಯಾಡ. ತೇನಕ್ಕಿ ಮೊಟ್ಟೆ ಮಡಗದೆ.

ನೋಡಿದೆ. ಜಲ್ಲಿ.
ಮತ್ತೆ ನೋಡಿದೆ. ನಾಲ್ಕು ಜಲ್ಲಿಗೆ ಮಸಿಚುಕ್ಕೆ,
ಮೊನೆ ಒಳಮುಖ.
ತಲೆಯ ಮೇಲೆ ಹಕ್ಕಿ
ಊರೇ ಎದ್ದು ಬರುವ ಹಾಗೆ ಬೈಯುತ್ತಿತ್ತು.
ಆಗ ಕಂಡೆ: ಮೇಕೆಗಳ ಕಾಲುದಾರಿ
ಕಳ್ಳಿಬೇಲಿಯಿಂದ ನೆಟ್ಟಗೆ ಬಂದು
ಅಲ್ಲಿ ಮಾತ್ರ ಬಾಗಿ ಬಳಸಿ ಹೋಗಿತ್ತು,
ತುಳಿದು ತುಳಿದು ಹೊಳಪೇರಿದ ಬಾಗು.
ಯಾವಾಗಿಂದ?
ಅಮಾಸೆಯಿಂದ, ಅಂದಳು.

ಮೊಟ್ಟೆಗೆ ಸಂಕೇತವಿದೆ, ಕಾವಿಗೆ ಇದೆ,
ರೆಕ್ಕೆ ಮುರಿದಂತೆ ನಟಿಸಿ ದಾರಿ ತಪ್ಪಿಸುವ ತಾಯಿಗೂ ಇದೆ.
ಇಪ್ಪತ್ತಾರು ಮೇಕೆ ಬಳಸಿ ಹೋದದ್ದಕ್ಕೆ ಇಲ್ಲ.
ಷರಾದಲ್ಲಿ ಬರೆದೆ. ಜಾಗ ಸಾಲದೆ
ಸಾಲು ಅಂಚಿಗೆ ಬಂದು ತಾನೂ ಬಾಗಿತು.

ಯಾರ್ಗೂ ತೋರುಸ್ಬ್ಯಾಡ ಕನಪ್ಪ, ಹುಡುಗ್ರು ಅವೆ.
ಇಲ್ಲ ಅಂದೆ.
ನಿಯಮಗಳಲ್ಲೂ ಅದೇ ಇದೆ, ಆರನೆಯದು,
ಇಷ್ಟು ಚೆನ್ನಾಗಿಲ್ಲ.

ಆರಿದ್ರೆಗೆ ಮೂರನೆಯ ಸಲ ಹೋದಾಗ
ಜಲ್ಲಿ ಬರೀ ಜಲ್ಲಿ.
ಮರಿಗಳು ನಡೆದವೋ, ಮುಂಗುಸಿ ಬಂತೋ,
ನೋಡಿಲ್ಲ, ಬರೆಯಲಾರೆ.
ಹೊಂಬಾಳಮ್ಮ ಇರಲಿಲ್ಲ,
ಮಗಳ ಬಾಣಂತನಕ್ಕೆ ಹೊಸಹೊಳಲಿಗೆ ಹೋಗಿದ್ದಳಂತೆ.
ಮೇಕೆಯ ಹಿಂದೆ ಯಾರೋ ಹುಡುಗ,
ಫೋನಿನಲ್ಲಿ ಮುಖ.
ಮೇಕೆಗಳು ಆ ಜಾಗಕ್ಕೆ ಬಂದವು,
ತಮ್ಮಷ್ಟಕ್ಕೆ ಬಳಸಿ ಹೋದವು.

ನೆಲಗುಬ್ಬಿ ಇನ್ನೂ ಮೊದಲನೇ ಕಲಮಿನಲ್ಲೇ ಇತ್ತು.
ಎಳ್ಳು ಹೂ ಬಿಟ್ಟಿತ್ತು.
ಬದುವಿನ ಮೇಲೆ ಕೂತೆ.
ಏಳೂವರೆಯ ಬಸ್ಸು ಬಂದು, ತಿರುಗಿಸಿಕೊಂಡು, ಹೋಯಿತು.