ಮೂರನೆಯ ತಿರುವು

ಎಂಜಿನ್ ಇಳಿಸಲು ಒಂದು ಗಂಟೆ ಸಾಕಾಯಿತು.
ಎರಡೇ ಸಿಲಿಂಡರಿನ ಕೂಸು. ಬೆಂಚಿನ ಮೇಲೆ ಕೂತು
ರಾತ್ರಿಯಿಡೀ ಎಣ್ಣೆ ತೊಟ್ಟಿಕ್ಕಿತು.

ಎರ್ಸೀಲಿಯಾ ಕೇಳಿದ್ದು ಒಂದೇ:
"ಏರು ಹತ್ತುತ್ತೋ ಇಲ್ಲವೋ, ನುನ್ಸಿಯೋ?"
ನಲವತ್ತು ವರ್ಷ ಇದೇ ಫಿಯೆಟ್ಟಿನಲ್ಲಿ
ಅಬ್ರುಝೋ ಬೆಟ್ಟದ ಊರೂರು ಸುತ್ತಿ
ಹೆರಿಗೆ ಮಾಡಿಸಿದವಳು.
ನಾನೂ ಅವಳ ಕೈಗೇ ಬಿದ್ದವನು.

ಹತ್ತಿತು,
ಬೆಣ್ಣೆಯಿಂದ ಕೂದಲೆಳೆದ ಹಾಗೆ.

ಲೆಕ್ಕ ತಪ್ಪಿದ್ದು ನಾಯಿಗೆ.
ಮೂರನೆಯ ತಿರುವಿನಲ್ಲಿ ಗೇರು ಇಳಿಸಿದ ಸದ್ದಿಗೆ
ಎದ್ದು ಗೇಟಿಗೆ ಓಡುವುದು ಅದರ ಸಂಜೆಯ ಕೆಲಸ.
ಈಗ ಬ್ಯಾಟರಿ ಗಾಡಿ ಅಂಗಳಕ್ಕೇ ಬಂದು ನಿಂತರೂ
ಮೂಗನ್ನು ಪಂಜದ ಮೇಲಿಟ್ಟು ಮಲಗೇ ಇತ್ತು.
ಬಾಗಿಲು ತೆರೆದು ಇಳಿದವಳಿಗೆ
ಕಳ್ಳರ ಕಂಡಂತೆ ಬೊಗಳಿತು,
ಆಮೇಲೆ ನಾಚಿ
ಅವಳ ಚಪ್ಪಲಿ ನೆಕ್ಕಿತು.

"ಇದಕ್ಕೇನು ಮಾಡ್ತೀಯ?" ಎಂದಳು.
ನನ್ನ ಬಿಲ್ಲಿನಲ್ಲಿ ಅದಕ್ಕೊಂದು ಸಾಲಿರಲಿಲ್ಲ.

ಮೊನ್ನೆ ಹೋಗಿದ್ದೆ, ಚಾರ್ಜರಿನ ಸ್ಕ್ರೂ ಬಿಗಿಯಲು.
ಅವಳಿನ್ನೂ ಪೇಟೆಯಿಂದ ಬಂದಿರಲಿಲ್ಲ.
ನನಗೇನೂ ಕೇಳಿಸಲಿಲ್ಲ, ಆಣೆ.
ಬ್ರೀಚೊಲಾ ಎದ್ದಿತು,
ಮೊದಲು ಒಂದು ಕಿವಿ, ಆಮೇಲೆ ಬಾಲ.
ಕೆಳಗೆಲ್ಲೋ
ಜಲ್ಲಿಕಲ್ಲಿನ ಮೇಲೆ ನಾಲ್ಕು ಟೈರು.